9ನೇ ತಾರೀಖಿನ ತಪಾಸಣೆ

ಮಲ್ಲೇಶ್ವರದ ಗೆಳತಿಯರಿಗೆಲ್ಲ ನಮಸ್ಕಾರ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ, ಮೂರು ತಿಂಗಳು ದಾಟಿದ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಾಳೆ ಬೆಳಿಗ್ಗೆ 9ಕ್ಕೆ ಉದ್ಯಾನದ ಗೇಟಿನ ಬಳಿ ಸೇರಿ ಒಟ್ಟಿಗೆ ಹೊರಡೋಣ. ತಾಯಿ ಕಾರ್ಡ್, ಆಧಾರ್, ಹಳೆಯ ಸ್ಕ್ಯಾನಿಂಗ್ ವರದಿ ತನ್ನಿ. ಕಳೆದ ಸಲ ಇಬ್ಬರು ಕಾರ್ಡಿಗಾಗಿ ಬಿಸಿಲಿನಲ್ಲಿ ಮನೆಗೆ ಓಡಿದ್ದು ನೆನಪಿದೆಯಲ್ಲ!

ಮುಂದಿನ ಮಗುವಿಗೆ ಅಂತರ ಬೇಕೆನ್ನುವವರು ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆಗಳ ಬಗ್ಗೆ ವಿಚಾರಿಸಿ. ಇವೂ ಉಚಿತ.

ಹಿರಿಯ ಅಕ್ಕಂದಿರೇ, ಮುಟ್ಟು ನಿಂತು ವರ್ಷ ಕಳೆದ ಮೇಲೆ ತುಸು ರಕ್ತ ಕಂಡರೂ ‘ಮೈ ಉಷ್ಣ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ.

ಬರುವವರು ರಾತ್ರಿ 8ರೊಳಗೆ ಇಲ್ಲಿಯೇ ತಿಳಿಸಿ. ಸಂಕೋಚವಿದ್ದರೆ ನನಗೊಬ್ಬಳಿಗೇ ಬರೆಯಿರಿ.