ಒಳಪುಟದ ಚಿತ್ರಗಳನ್ನು ಕಾಪಾಡಿದ ಮನೆ

ಮಾನ್ಯ ಸಂಪಾದಕರೇ,

ಮಕ್ಕಳ ಪುಸ್ತಕ ಬರೆದವರ ಹೆಸರನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ, ಅದಕ್ಕೆ ಚಿತ್ರ ಬರೆದವರ ಹೆಸರನ್ನು ಬಹುಮಟ್ಟಿಗೆ ಮರೆಯುತ್ತೇವೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನಾನೂ ಇದಕ್ಕೆ ಹೊರತಲ್ಲ. ಕನ್ನಡಕ್ಕೆ ಬಂದಿರುವ ಜಪಾನಿನ ‘ತೊತ್ತೋ-ಚಾನ್’ ಪುಸ್ತಕವನ್ನು ತರಗತಿಯಲ್ಲಿ ಎಷ್ಟೋ ಸಲ ಓದಿ ಹೇಳಿದ್ದೇನೆ. ಲೇಖಕಿ ತೆತ್ಸುಕೋ ಕುರೊಯಾನಾಗಿ ಅವರ ಹೆಸರು ನನ್ನ ವಿದ್ಯಾರ್ಥಿಗಳಿಗೂ ಬಾಯಿಪಾಠವಾಗಿತ್ತು. ಆದರೆ ಆ ಕಥೆಯ ಜೊತೆಗೆ ಬರುವ ಚಿತ್ರಗಳು ಚಿಹಿರೋ ಇವಾಸಾಕಿ ಎಂಬ ಕಲಾವಿದೆಯವು ಎಂಬುದನ್ನು ನಾನು ಅವರಿಗೆ ಒಮ್ಮೆಯೂ ಹೇಳಲಿಲ್ಲ. ಮಗಳ ಮನೆಗೆಂದು ಟೋಕಿಯೊಗೆ ಹೋಗಿದ್ದಾಗ ಮೊಮ್ಮಗಳನ್ನು ಕರೆದುಕೊಂಡು ಆ ಕಲಾವಿದೆಯ ಹೆಸರಿನ ಪುಟ್ಟ ಮ್ಯೂಸಿಯಂಗೆ ಹೋಗಿ ಬಂದೆ. ಅಲ್ಲಿ ಕಂಡದ್ದನ್ನು ತಮ್ಮ ಪತ್ರಿಕೆಯ ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಟೋಕಿಯೊದ ನೆರಿಮಾ ಭಾಗದಲ್ಲಿ, ಕಾಮಿ-ಇಗುಸಾ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು, ಮನೆಗಳ ನಡುವಿನ ಕಿರಿದಾದ ಬೀದಿಗಳಲ್ಲಿ ಏಳೆಂಟು ನಿಮಿಷ ನಡೆದರೆ ಈ ಮ್ಯೂಸಿಯಂ ಸಿಗುತ್ತದೆ. ಚಿಹಿರೋ ಅವರು 1952ರಿಂದ ಕೊನೆಯವರೆಗೆ ಬಾಳಿದ ಮನೆ ಇದ್ದುದು ಇದೇ ಜಾಗದಲ್ಲಿ. ಅವರು 1974ರಲ್ಲಿ, 55ನೇ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೂರು ವರ್ಷಕ್ಕೆ, ಅಂದರೆ 1977ರಲ್ಲಿ, ಮನೆಯವರು ಅಲ್ಲಿಯೇ ಮ್ಯೂಸಿಯಂ ತೆರೆದರು. ಚಿತ್ರಪುಸ್ತಕಗಳ ಕಲೆಗೆಂದೇ ಮೀಸಲಾದ ಮ್ಯೂಸಿಯಂ ಅದಕ್ಕಿಂತ ಮೊದಲು ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ ಎನ್ನುತ್ತಾರೆ. ಈಗಿರುವ ಕಟ್ಟಡ 2002ರಲ್ಲಿ ಹೊಸದಾಗಿ ಕಟ್ಟಿದ್ದು. ಹೈಸ್ಕೂಲು ಮುಗಿಸುವವರೆಗೆ ಮಕ್ಕಳಿಗೆ ಪ್ರವೇಶ ಉಚಿತ. ಗೋಡೆಯ ಮೇಲಿನ ಚಿತ್ರಗಳನ್ನು ಮಕ್ಕಳ ಕಣ್ಣಿಗೆ ಎಟಕುವಂತೆ ರೂಢಿಗಿಂತ ಕೆಳಗೆ ತೂಗುಹಾಕಿದ್ದಾರೆ. ಬೇರೆ ಮ್ಯೂಸಿಯಂಗಳಲ್ಲಿ ‘ನನ್ನನ್ನು ಎತ್ತಿಕೋ ಅಜ್ಜಿ’ ಎಂದು ಕೈಚಾಚುತ್ತಿದ್ದ ಮೊಮ್ಮಗಳು ಇಲ್ಲಿ ನನ್ನ ಕೈಬಿಟ್ಟು ಒಬ್ಬಳೇ ಚಿತ್ರದಿಂದ ಚಿತ್ರಕ್ಕೆ ನಡೆದಳು. ನೋಡಬೇಕೆಂದರೆ ನಾನೇ ಸ್ವಲ್ಪ ಬಾಗಬೇಕಾಯಿತು.

ಆ ದಿನ ಅಲ್ಲಿದ್ದ ಚಿತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು 1968ರ ಒಂದು ಚಿತ್ರಪುಸ್ತಕಕ್ಕಾಗಿ ಬರೆದದ್ದು. ಮಳೆ ಸುರಿಯುತ್ತಿದೆ, ಅಮ್ಮ ಹೊರಗೆ ಹೋಗಿದ್ದಾಳೆ, ಪುಟ್ಟ ಹುಡುಗಿ ಮನೆಯಲ್ಲಿ ಒಬ್ಬಳೇ ಕಾಯುತ್ತಿದ್ದಾಳೆ, ಕಥೆಯೆಂದರೆ ಇಷ್ಟೇ. ಟೆಲಿಫೋನು ಹೊಡೆದುಕೊಂಡಾಗ ಅವಳು ಹೆದರಿ ಪರದೆಯ ಹಿಂದೆ ಅವಿತುಕೊಳ್ಳುತ್ತಾಳೆ. ಹೆದರಿಕೆಯನ್ನು ತೋರಿಸಲು ಚಿಹಿರೋ ಅವರು ಗಾಢವಾದ ಗೆರೆಗಳನ್ನು ಬಳಸಿಲ್ಲ. ನೀರು ಹೆಚ್ಚಾಗಿರುವ ಬಣ್ಣವನ್ನು ಒದ್ದೆ ಕಾಗದದ ಮೇಲೆ ಬಿಟ್ಟು, ಅದು ತಾನಾಗಿ ಹರಡಿ ಒಂದರೊಳಗೊಂದು ಬೆರೆಯುವಂತೆ ಮಾಡಿ, ನಡುವೆ ಕಾಗದದ ಬಿಳಿಯನ್ನು ಹಾಗೆಯೇ ಉಳಿಸಿದ್ದಾರೆ. ಜಪಾನಿನ ಹಳೆಯ ಶಾಯಿಚಿತ್ರಗಳಲ್ಲಿಯೂ ಈ ಕ್ರಮ ಉಂಟು. ಚಿಕ್ಕಂದಿನಿಂದ ಚಿತ್ರಕಲೆಯನ್ನೂ ಆಮೇಲೆ ಕುಂಚದ ಬರಹವನ್ನೂ ಕಲಿತಿದ್ದ ಅವರ ಕೈಗೆ ಅದು ಒಗ್ಗಿತ್ತು. ಅಚ್ಚಾದ ಪುಟದಲ್ಲಿ ಇದು ಬರಿಯ ಮಸುಕಾದ ಬಣ್ಣವಾಗಿ ಕಾಣುತ್ತದೆ. ಮೂಲಚಿತ್ರದ ಮುಂದೆ ನಿಂತಾಗ ಮಾತ್ರ ನೀರು ಎಲ್ಲಿಯವರೆಗೆ ಹರಿದು ನಿಂತಿತೆಂಬ ಅಂಚು, ಸೀಸದಕಡ್ಡಿಯ ಗೆರೆ, ಒಂದೇ ಬೀಸಿನಲ್ಲಿ ಎಳೆದ ಕುಂಚದ ಗುರುತು ಎಲ್ಲವೂ ತಿಳಿಯುತ್ತವೆ. ಹತ್ತು ತಿಂಗಳ ಮಗುವಿಗೂ ಒಂದು ವರ್ಷದ ಮಗುವಿಗೂ ಇರುವ ವ್ಯತ್ಯಾಸವನ್ನು ಎದುರಿಗೆ ಮಗುವಿಲ್ಲದೆಯೂ ಅವರು ಚಿತ್ರದಲ್ಲಿ ತೋರಿಸಬಲ್ಲವರಾಗಿದ್ದರಂತೆ. ಕೂಸುಗಳನ್ನು ಎತ್ತಿ ಆಡಿಸಿದವರು ಆ ಚಿತ್ರಗಳನ್ನು ನೋಡಿದರೆ ಈ ಮಾತನ್ನು ನಂಬುತ್ತಾರೆ.

ಇಷ್ಟು ಮೆದುವಾದ ಚಿತ್ರಗಳನ್ನು ಬರೆದವರ ಬದುಕು ಮೆದುವಾಗಿರಲಿಲ್ಲ. 1918ರಲ್ಲಿ ಹುಟ್ಟಿದ ಅವರು ಮೊದಲ ಮದುವೆಯಾಗಿ ಚೀನಾದ ಈಶಾನ್ಯ ಭಾಗದ ಮಂಚೂರಿಯಾಕ್ಕೆ ಹೋಗಿ, ಪತಿಯನ್ನು ಕಳೆದುಕೊಂಡು ಹಿಂತಿರುಗಿದರು. 1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಟೋಕಿಯೊದಲ್ಲಿದ್ದ ಮನೆ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಒಂದು ಪತ್ರಿಕೆಯಲ್ಲಿ ವರದಿ ಬರೆಯುತ್ತ, ಅದಕ್ಕೆ ಚಿತ್ರವನ್ನೂ ಬರೆಯುತ್ತ ದುಡಿದರು. ಕಾಯಿಲೆಯ ನಡುವೆಯೇ ಮುಗಿಸಿದ 1973ರ ಪುಸ್ತಕ ಯುದ್ಧದ ಬೆಂಕಿಗೆ ಸಿಕ್ಕ ಮಕ್ಕಳನ್ನು ಕುರಿತದ್ದು. ಆಗ ವಿಯೆಟ್ನಾಂ ಉರಿಯುತ್ತಿತ್ತು. ಆ ಪುಸ್ತಕದ ಪುಟಗಳಲ್ಲಿ ಅವರು ಎಂದಿನ ತಿಳಿ ಬಣ್ಣಗಳನ್ನು ಬಹುಪಾಲು ಬಿಟ್ಟುಕೊಟ್ಟಿದ್ದಾರೆ.

ಸಂಪಾದಕರೇ, ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ ಬೇರೆ. ಈ ಮ್ಯೂಸಿಯಂನ ಬಳಿ ಚಿಹಿರೋ ಅವರ 9,000ಕ್ಕೂ ಹೆಚ್ಚು ಚಿತ್ರಗಳಿವೆ. ಇವುಗಳಲ್ಲಿ ಬಹುಪಾಲು ಪುಸ್ತಕಕ್ಕೆಂದು, ಮಾಸಪತ್ರಿಕೆಯ ಮುಖಪುಟಕ್ಕೆಂದು, ಕ್ಯಾಲೆಂಡರಿಗೆಂದು ಬರೆದುಕೊಟ್ಟವು. ಅಚ್ಚಿನ ಕೆಲಸ ಮುಗಿದ ಮೇಲೆ ಇಂಥ ಚಿತ್ರಗಳಿಗೆ ಏನಾಗುತ್ತದೆಂದು ಬಲ್ಲವರಿಗೆ ಈ ಸಂಖ್ಯೆಯ ಬೆಲೆ ತಿಳಿಯುತ್ತದೆ. ಪ್ರಕಾಶಕರು ಒಮ್ಮೆ ಹಣ ಕೊಟ್ಟರೆ ಚಿತ್ರ ಅವರದೇ ಆಗಿಬಿಡುವ ವಾಡಿಕೆ ಆಗಿನ ಜಪಾನಿನಲ್ಲಿಯೂ ಇತ್ತು. ಚಿತ್ರ ಬರೆದವರ ಹಕ್ಕಿಗೆ ಮನ್ನಣೆ ಇಲ್ಲದ ಆ ಕಾಲದಲ್ಲಿ ಚಿಹಿರೋ ಅವರು ತಮ್ಮ ಮೂಲಚಿತ್ರಗಳನ್ನು ಹಿಂತಿರುಗಿಸಬೇಕೆಂದು ಪಟ್ಟು ಹಿಡಿದು ಕೇಳುತ್ತಿದ್ದರು. ಅಚ್ಚಿನ ಹಕ್ಕನ್ನಷ್ಟೇ ಕೊಟ್ಟಿದ್ದೇನೆ, ಚಿತ್ರ ನನ್ನದು ಎಂಬುದು ಅವರ ನಿಲುವು. ಹೀಗೆ ಒಬ್ಬ ಕಲಾವಿದೆ ಸಂಕೋಚವಿಲ್ಲದೆ ಕೇಳಿ ಪಡೆದುಕೊಂಡಿದ್ದರಿಂದಲೇ ಇಂದು ನೋಡಲು ಇಷ್ಟೊಂದು ಉಳಿದಿದೆ. ‘ತೊತ್ತೋ-ಚಾನ್’ ಪುಸ್ತಕಕ್ಕೆ ಚಿತ್ರಗಳು ಸಿಕ್ಕಿದ್ದೂ ಇದರಿಂದಲೇ. ಅದು ಪ್ರಕಟವಾದದ್ದು 1981ರಲ್ಲಿ, ಚಿಹಿರೋ ಅವರು ತೀರಿಕೊಂಡು ಏಳು ವರ್ಷವಾದ ಮೇಲೆ. ಲೇಖಕಿ ಮತ್ತು ಕಲಾವಿದೆಯ ಮಗ ಸೇರಿ, ಉಳಿದಿದ್ದ ಚಿತ್ರಗಳಿಂದ ಕಥೆಗೆ ಹೊಂದುವಂಥವನ್ನು ಆರಿಸಿದರು. ಆ ಕಥೆಗೆಂದೇ ಬರೆದವೆಂದು ನಾನು ಇಷ್ಟು ವರ್ಷ ನಂಬಿದ್ದ ಚಿತ್ರಗಳು ಕಥೆಗಿಂತ ಮೊದಲೇ ಇದ್ದವು! ತೆತ್ಸುಕೋ ಅವರು ಮುಂದೆ ಈ ಮ್ಯೂಸಿಯಂನ ಹೊಣೆಯನ್ನೂ ಹೊತ್ತರು.

ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಬಿದ್ದಷ್ಟೂ ಮಾಸುತ್ತದೆ. ಆದ್ದರಿಂದ ಅಲ್ಲಿ ಬೆಳಕು ಮಂದವಾಗಿದೆ. ಕೆಲವು ತಿಂಗಳಿಗೊಮ್ಮೆ ಚಿತ್ರಗಳನ್ನು ಕೆಳಗಿಳಿಸಿ ಬೇರೆಯವನ್ನು ಇಡುತ್ತಾರೆ. ಮಾಸುವ ಮೊದಲೇ ಬಣ್ಣವನ್ನು ದಾಖಲಿಸಿಕೊಳ್ಳಲೆಂದು ಸೂಕ್ಷ್ಮವಾದ ಡಿಜಿಟಲ್ ಪ್ರತಿಗಳನ್ನೂ ಮಾಡಿಟ್ಟಿದ್ದಾರೆ. ಚಿಹಿರೋ ಅವರು ಕುಳಿತು ಕೆಲಸ ಮಾಡುತ್ತಿದ್ದ ಕೋಣೆಯನ್ನು ಮತ್ತೆ ಜೋಡಿಸಿಟ್ಟಿದ್ದಾರೆ. ಮೇಜು, ಕುಂಚಗಳು, ಬಣ್ಣಗಳು ಎಲ್ಲ ಅಲ್ಲಿವೆ. ಅವರು ಎಡಗೈಯಲ್ಲಿ ಚಿತ್ರ ಬರೆಯುತ್ತಿದ್ದರೆಂದು ಹೇಳಿದಾಗ, ಎಡಗೈಯಲ್ಲಿ ಬರೆಯುವ ನನ್ನ ಮೊಮ್ಮಗಳು ಆ ಕೋಣೆಯ ಮುಂದಿನಿಂದ ಕದಲಲೊಲ್ಲಳು. ಹಿಂದೊಮ್ಮೆ ಇಂಥ ಮಕ್ಕಳ ಕೈಯನ್ನು ಬದಲಾಯಿಸಲು ಶಿಕ್ಷಕಿಯಾಗಿ ನಾನೂ ಪ್ರಯತ್ನಪಟ್ಟಿದ್ದೇನೆ. ಆ ನೆನಪು ಅಲ್ಲಿ ನನ್ನನ್ನು ಬಹಳವೇ ನೋಯಿಸಿತು.

ನಮ್ಮ ಪ್ರಕಾಶಕರಲ್ಲಿ, ತಮ್ಮಂಥ ಪತ್ರಿಕೆಯವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಕನ್ನಡದ ವಾರಪತ್ರಿಕೆಗಳ ಕಥೆ, ಧಾರಾವಾಹಿಗಳಿಗೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದವರ ಕೈಯನ್ನು ಗೆರೆಯಿಂದಲೇ ಗುರುತಿಸುವ ಓದುಗರು ಇನ್ನೂ ಇದ್ದಾರೆ. ಆ ಚಿತ್ರಗಳ ಮೂಲಪ್ರತಿ ಎಲ್ಲಾದರೂ ಕಪಾಟಿನಲ್ಲಿ, ಅಟ್ಟದ ಮೇಲೆ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬರೆದವರಿಗೋ ಅವರ ಮನೆಯವರಿಗೋ ತಲುಪಿಸಿ. ಕಂಪ್ಯೂಟರಿನಲ್ಲಿ ಬರೆಯುವ ಇಂದಿನ ಕಲಾವಿದರ ಮೂಲ ಕಡತಗಳನ್ನೂ ಇದೇ ಜತನದಿಂದ ಇಡಿ. ಪುಸ್ತಕದ ಮುಖಪುಟದಲ್ಲಿ ಲೇಖಕರ ಹೆಸರಿನ ಪಕ್ಕದಲ್ಲಿ ಚಿತ್ರ ಬರೆದವರ ಹೆಸರನ್ನೂ ಓದಲು ಬರುವ ಅಕ್ಷರದಲ್ಲಿ ಅಚ್ಚು ಹಾಕಿ. ನಾನಂತೂ ಊರಿಗೆ ಬಂದ ಮೇಲೆ ಹಳೆಯ ಶಾಲೆಗೆ ಹೋಗಿ, ‘ತೊತ್ತೋ-ಚಾನ್’ ಓದುತ್ತಿರುವ ಮಕ್ಕಳಿಗೆ ಚಿಹಿರೋ ಇವಾಸಾಕಿ ಎಂಬ ಹೆಸರನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ ಬಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ