ಪ್ರಾರ್ಥನೆಯ ನಂತರದ ಕೆಲಸ

ಮಾನ್ಯ ಸಂಪಾದಕರೇ,

ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯಲ್ಲಿ ರೋಗಿಗಳಿಗಾಗಿ, ಹಸಿದವರಿಗಾಗಿ, ಒಂಟಿಯಾಗಿರುವವರಿಗಾಗಿ ನಾವು ತಪ್ಪದೆ ಪ್ರಾರ್ಥಿಸುತ್ತೇವೆ. ಆದರೆ ಮರುದಿನ ಅವರಿಗಾಗಿ ಯಾರು ಏನು ಮಾಡಬೇಕೆಂಬ ಮಾತು ನಮ್ಮ ಸಭೆಗಳಲ್ಲಿ ಏಳುವುದು ಅಪರೂಪ. ಉಡಲು ಬಟ್ಟೆಯಿಲ್ಲದ, ಅಂದಿನ ಊಟಕ್ಕೂ ಗತಿಯಿಲ್ಲದ ಸಹೋದರನಿಗೆ ಏನನ್ನೂ ಕೊಡದೆ ಒಳ್ಳೆಯ ಮಾತನ್ನಷ್ಟೇ ಹೇಳಿ ಕಳುಹಿಸಿದರೆ ಪ್ರಯೋಜನವೇನೆಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ನೇರವಾಗಿಯೇ ಕೇಳುತ್ತದೆ.

ಮಂಗಳೂರಿಗೆ ಈ ಪ್ರಶ್ನೆ ಹೊಸದಲ್ಲ. ಜರ್ಮನ್ ಮೂಲದ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿ, ಮುಂದೆ ಎಲ್ಲರೂ ದೂರವಿಟ್ಟಿದ್ದ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಕಂಕನಾಡಿಯ ದೊಡ್ಡ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜಾನಂ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಎಂಬ ಕ್ಯಾಥೊಲಿಕ್ ಸೇವಾ ಸಂಘದಲ್ಲಂತೂ ಸದಸ್ಯರು ಬಡವರ ಮನೆಗೆ ತಾವೇ ಹೋಗಬೇಕೆಂಬುದೇ ಮುಖ್ಯ ಪದ್ಧತಿ.

ಮಕ್ಕಳು ಗಲ್ಫ್‌ನಲ್ಲಿದ್ದು ಇಲ್ಲಿ ಒಬ್ಬರೇ ಉಳಿದ ಹಿರಿಯರನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು, ವಿಧವೆಯೊಬ್ಬರ ಪಿಂಚಣಿ ಅರ್ಜಿ ತುಂಬಿಕೊಡಲು, ಆಸ್ಪತ್ರೆಯಲ್ಲಿ ಒಂದು ರಾತ್ರಿ ರೋಗಿಯ ಜೊತೆಗಿರಲು ದೊಡ್ಡ ನಿಧಿಯೇನೂ ಬೇಕಿಲ್ಲ, ಸಮಯ ಬೇಕು. (ಚರ್ಚಿನ ವಾರ್ಷಿಕ ಹಬ್ಬದ ಸಿದ್ಧತೆಗೆ ನಮಗೆ ಸಮಯ ಸಿಗುತ್ತದೆ ಎಂಬುದನ್ನೂ ಹೇಳಬೇಕು.) ಚರ್ಚಿನ ವ್ಯಾಪ್ತಿಯ ಪ್ರತಿ ವಾಡೆಯ (ವಾರ್ಡಿನ) ಗುರಿಕಾರರು, ಅಂದರೆ ಮುಖ್ಯಸ್ಥರು, ಇಂಥ ಅಗತ್ಯಗಳ ಪಟ್ಟಿಯನ್ನು ಪ್ರತಿ ವಾರ ಧರ್ಮಗುರುಗಳಿಗೆ ಕೊಟ್ಟು, ಪ್ರಾರ್ಥನೆಯ ಬೆನ್ನಲ್ಲೇ ಹೊಣೆ ಹಂಚುವ ವ್ಯವಸ್ಥೆ ಬರಲಿ, ನೆರೆಯ ಹಿಂದೂ, ಮುಸ್ಲಿಂ ಮನೆಗಳೂ ಆ ಪಟ್ಟಿಯಲ್ಲಿರಲಿ, ಫೋಟೊ ಮಾತ್ರ ಬೇಡ.

— ಓರ್ವ ಓದುಗ, ಮಂಗಳೂರು