ಎಲ್ಲಾ ಹಲ್ಲಿಗೂ ಒಂದೇ ತಪ್ಪು

ಪ್ರೀತಿಯ ಪುಟ್ಟನಿಗೆ,

ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಮನೆಯ ಸಮಾಚಾರವನ್ನೆಲ್ಲ ನಿಮ್ಮಪ್ಪ ಹೇಳಿರ್ತಾನೆ, ಅದನ್ನೇ ಮತ್ತೆ ಬರೆಯಲ್ಲ. ಮೂರನೇ ಪುಟದ ಕೆಳಗೆ, ಜಾಗ ಸಾಲದೆ ಓರೆಯಾಗಿ, ಒಂದು ಮಾತು ಬರೆದಿದ್ದೀಯಲ್ಲ, "ಅಳತೆ ಎಲ್ಲ ಸರಿಯಾಗೇ ಇತ್ತು ಅತ್ತೆ, ಆದರೂ ಕೂಡಲಿಲ್ಲ, ನನ್ನ ಕೈಯೇ ಸರಿಯಿಲ್ಲ ಅನ್ನಿಸುತ್ತೆ" ಅಂತ. ಅಲ್ಲಿಗೆ ಬಂದು ಕನ್ನಡಕ ತೆಗೆದಿಟ್ಟೆ. ಆ ಮಾತನ್ನು ನಾನು ಮೊದಲೇ ಒಬ್ಬನ ಬಾಯಲ್ಲಿ ಕೇಳಿದ್ದೆ. ಆ ಕಥೆ ಆಮೇಲೆ ಹೇಳ್ತೀನಿ, ಹೇಳೋ ಧೈರ್ಯ ಉಳಿದಿದ್ದರೆ.

ಲಕೋಟೆಯಲ್ಲಿ ನೀನು ಇಟ್ಟು ಕಳಿಸಿದ, ಲೇಸರಿನಲ್ಲಿ ಕೊಯ್ದ ಎರಡು ಪ್ಲೈವುಡ್ ತುಂಡು ಸಿಕ್ಕವು, ಅಂಚಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕಾದವು. ಒಂದರಲ್ಲಿ ಆರು ಹಲ್ಲು, ಇನ್ನೊಂದರಲ್ಲಿ ಐದು. ಒಂದಕ್ಕೊಂದು ಸೇರಿಸಿ ಎತ್ತಿದೆ, ನೀನು ಬರೆದ ಹಾಗೇ ಜಾರಿ ಮಡಿಲಿಗೆ ಬಿತ್ತು. ಅಂಚಿನ ಕರಿ ಬೆರಳಿಗೆ ಮೆತ್ತಿಕೊಂಡಿತು. ಬೀರುವಿನ ಮೇಲಿನ ಅರೆಯಲ್ಲಿ ನನ್ನ ಹಳೇ ವರ್ನಿಯರ್ ಇನ್ನೂ ಇದೆ, 0.02 ಮಿಲಿಮೀಟರ್‌ವರೆಗೆ ಓದುವ ಅಳತೆಯ ಸಾಧನ. ಇಳಿಸಿ ಒರೆಸಿ, ಅದರ ಬಾಯಿ ಮುಚ್ಚಿದಾಗ ಸೊನ್ನೆಗೆ ಸರಿಯಾಗಿ ಬರುತ್ತಾ ಅಂತ ಮೊದಲು ನೋಡಿದೆ (ಈ ಅಭ್ಯಾಸ ಯಾಕೆ ಬಂತು ಅನ್ನೋದೂ ಆ ಕಥೆಗೇ ಸೇರಿದ್ದು), ಕಿಟಕಿ ಹತ್ತಿರ ಕೂತು ಒಂದೊಂದೇ ಹಲ್ಲು ಅಳೆದೆ.

ನೀನು ಬರೆದ ನಕ್ಷೆಯಲ್ಲಿ ಹಲ್ಲೂ 10 ಮಿಲಿಮೀಟರ್, ಸಂದೂ 10. ನನ್ನ ಕೈಗೆ ಸಿಕ್ಕಿದ್ದು: ಹಲ್ಲು 9.80, 9.80, 9.82, 9.80, 9.78, 9.80. ಇನ್ನೊಂದು ತುಂಡಿನದೂ ಹೆಚ್ಚುಕಮ್ಮಿ ಅದೇ. ಒಳಗಿನ ಒಂಬತ್ತು ಸಂದುಗಳೂ 10.20ರ ಅಕ್ಕಪಕ್ಕ.

ಒಂದು ಕ್ಷಣ ನಿಂತು ಆ ಅಂಕಿಗಳನ್ನು ನೋಡು. ಕೈ ಕೆಟ್ಟವನ ಕೆಲಸ ಹೀಗಿರಲ್ಲ ಕಣೋ. ಕೈ ಕೆಟ್ಟಿದ್ದರೆ ಒಂದು ಹಲ್ಲು ದಪ್ಪ, ಒಂದು ತೆಳು, ಒಂದು ಸೊಟ್ಟ, ಎಲ್ಲೋ ಒಂದು ಅಪ್ಪಿತಪ್ಪಿ ಸರಿಯಾಗಿಯೂ ಇರ್ತಿತ್ತು. ಹನ್ನೊಂದು ಹಲ್ಲೂ ಮಾತಾಡಿಕೊಂಡ ಹಾಗೆ ಒಂದೇ ಅಳತೆಗೆ ಕಮ್ಮಿ ಬಂದಿವೆ ಅಂದರೆ ಅದು ಕೈಯ ತಪ್ಪಲ್ಲ, ಲೆಕ್ಕದಲ್ಲಿ ಯಾವುದೋ ಒಂದು ಪಾಲು ಬಿಟ್ಟುಹೋಗಿದೆ ಅಂತ ಅರ್ಥ. ಮೂವತ್ತು ವರ್ಷ ಕಾರ್ಖಾನೆಯ ಇನ್‌ಸ್ಪೆಕ್ಷನ್ ಟೇಬಲ್ಲಿನ ಹಿಂದೆ ಕೂತವಳು ಹೇಳ್ತಿದೀನಿ, ಬೇರೆ ಯಾವುದರಲ್ಲಿ ಅಲ್ಲದಿದ್ದರೂ ಈ ಒಂದು ಮಾತಿನಲ್ಲಿ ನನ್ನನ್ನು ನಂಬು.

ಬಿಟ್ಟುಹೋದ ಪಾಲು ಹೊಗೆಯಾಗಿ ಹೋಗಿದೆ. ಗರಗಸದಲ್ಲಿ ಕೊಯ್ದರೆ ಕಾಲ ಬುಡದಲ್ಲಿ ಹೊಟ್ಟು ಬಿದ್ದಿರುತ್ತೆ, ಮರ ಇಷ್ಟು ಕಳೆದುಹೋಯಿತು ಅಂತ ಕಣ್ಣಿಗೇ ಗೊತ್ತಾಗುತ್ತೆ. ಆದ್ದರಿಂದಲೇ ಬಡಗಿ ಗೆರೆಯ ಮೇಲೆ ಕೊಯ್ಯಲ್ಲ, ಗೆರೆ ಉಳಿಸಿಕೊಂಡು ಬೇಡದ ಕಡೆಗೆ ಕೊಯ್ಯುತ್ತಾನೆ. ನಿನ್ನ ಲೇಸರಿನ ಹೊಟ್ಟನ್ನು ಫ್ಯಾನು ಕೊಳವೆಯೊಳಗೆ ಎಳೆದುಕೊಂಡು ಹೋಗುತ್ತೆ, ಯಾರಿಗೂ ಕಾಣಲ್ಲ. ಪರದೆ ಮೇಲಿನ ಗೆರೆಗೆ ಅಗಲವೇ ಇಲ್ಲ, ಬೆಳಕಿಗೆ ಇದೆ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಅನ್ನೋ ವಿಜ್ಞಾನಿ ಈ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದಾಗಿನಿಂದ ಅದರ ಅಲೆಯ ಉದ್ದ 10.6 ಮೈಕ್ರಾನ್, ಎಷ್ಟೇ ಒಳ್ಳೇ ಲೆನ್ಸ್ ಹಾಕಿದರೂ ಅದು ಒಂದು ಮಿತಿಗಿಂತ ಸಣ್ಣ ಚುಕ್ಕೆಯಾಗಲ್ಲ. ಮೂರು ಮಿಲಿಮೀಟರ್ ಪ್ಲೈಯಲ್ಲಿ ಅದು ತಿನ್ನೋದು ಸಾಮಾನ್ಯವಾಗಿ 0.1ರಿಂದ 0.3. ಅದನ್ನೇ ಕರ್ಫ್ ಅಂತಾರೆ, ನಿಂಗೆ ಹೆಸರು ಗೊತ್ತಿದ್ದೀತು. ಕಿರಣದ ನಡು ಗೆರೆಯ ಮೇಲೆ ಸಾಗುತ್ತೆ, ಅರ್ಧ ಆ ಕಡೆ ತಿನ್ನುತ್ತೆ, ಅರ್ಧ ಈ ಕಡೆ. ಹಲ್ಲಿಗೆ ಎರಡು ಬದಿ, ಎರಡರಿಂದಲೂ ಅರ್ಧರ್ಧ ಹೋಗಿ ಒಟ್ಟು 0.2 ಕಮ್ಮಿ. ಸಂದಿನಲ್ಲಿ ಅದೇ 0.2 ಹೆಚ್ಚು. ಸೇರಿಸಿದಾಗ 0.4 ಸಡಿಲ. ಜಾರಿ ಬೀಳದೆ ಇನ್ನೇನು ಮಾಡೀತು.

ಎರಡನೇ ಸಲ ಅಕ್ರಿಲಿಕ್‌ನಲ್ಲಿ ಮಾಡಿದಾಗ ಹಲ್ಲು ಒಳಗೇ ಹೋಗದೆ, ಬಲವಂತ ಮಾಡಿದ್ದಕ್ಕೆ ಮೂಲೆಯಿಂದ ಟಪ್ ಅಂತ ಸೀಳಿತು ಅಂತ ಬರೆದಿದ್ದೀಯ. ಅಲ್ಲಿಂದಲೇ ನಿಂಗೆ ಈ ಕೈಯ ಭ್ರಾಂತಿ ಹತ್ತಿದ್ದು ಅಂತ ಕಾಣುತ್ತೆ. ಸಡಿಲ ಮಾಡಿದರೆ ಬೀಳುತ್ತೆ, ಬಿಗಿ ಮಾಡಿದರೆ ಒಡೆಯುತ್ತೆ, ಹಾಗಾದರೆ ನಾನೇ ಸರಿಯಿಲ್ಲ ಅಂತ. ಅಲ್ಲ ಕಣೋ. ಕರ್ಫ್ 0.2 ಅಂತ ಎಲ್ಲೋ ಓದಿ, ಸಾಫ್ಟ್‌ವೇರಿನ ಚೌಕದಲ್ಲಿ 0.2 ಅಂತಲೇ ತುಂಬಿಸಿರ್ತೀಯ. ಲೈಟ್‌ಬರ್ನ್ ಅನ್ನೋ ಆ ಲೇಸರ್ ಸಾಫ್ಟ್‌ವೇರ್ ಕೇಳೋದು ಗೆರೆಯನ್ನು ಎಷ್ಟು ಸರಿಸಲಿ ಅಂತ, ಅಂದರೆ ಅರ್ಧ. ಡಬ್ಬಿಯ ನಕ್ಷೆ ಬರೆದುಕೊಡೋ ಬಾಕ್ಸಸ್ ಡಾಟ್ ಪೈನಲ್ಲಿ ಬರ್ನ್ ಅಂತ ಇರುತ್ತಲ್ಲ, ಅದೂ ಅರ್ಧವೇ. 0.1 ಹಾಕಬೇಕಾದ ಕಡೆ 0.2 ಹಾಕಿದರೆ ಮೊದಲು ಎಷ್ಟು ಸಡಿಲ ಇತ್ತೋ ಈಗ ಅಷ್ಟೇ ಬಿಗಿ. ಮರವಾದರೆ ಸ್ವಲ್ಪ ತಗ್ಗಿ ಬಗ್ಗಿ ಕೂರುತ್ತೆ. ಅಕ್ರಿಲಿಕ್‌ಗೆ ತಗ್ಗೋದು ಗೊತ್ತಿಲ್ಲ, ಚೂಪು ಮೂಲೆಯಲ್ಲಿ ಬಾಯಿ ಬಿಡುತ್ತೆ. ಮೂಲೆಗಳನ್ನು ಸಣ್ಣಗೆ ದುಂಡು ಮಾಡು, ಬಿಗಿ ಮಾಡಲೇಬೇಡ, ಮುಟ್ಟಿಯೂ ಮುಟ್ಟದ ಹಾಗೆ ಬಿಡು. ನಾನು ಉಕ್ಕಿನವಳು, ಅಕ್ರಿಲಿಕ್ ಬಗ್ಗೆ ಹೇಳೋಕೆ ನಂಗೇನು ಅಧಿಕಾರ ಅಂತೀಯೇನೋ. ಇರಲಿ, ಹೇಳಿಬಿಟ್ಟೆ.

ಈಗ ಆ ಕಥೆ.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ನಂಗಿಂತ ಚಿಕ್ಕವನೊಬ್ಬ ಹುಡುಗ ಉಕ್ಕು ಕಡೆಯೋ ಯಂತ್ರದಲ್ಲಿ, ಅಂದರೆ ಲೇತ್‌ನಲ್ಲಿ ಪಿನ್ ಮಾಡ್ತಿದ್ದ, 12 ಮಿಲಿಮೀಟರ್ ದಪ್ಪದ್ದು. 12 ದಾಟಬಾರದು, 0.018 ಕಮ್ಮಿಯಾದರೆ ಅಡ್ಡಿಯಿಲ್ಲ, ಅಷ್ಟೇ ಅವಕಾಶ. ಮೂವತ್ತಾರು ಪಿನ್ ತಂದು ನನ್ನ ಮುಂದೆ ಇಟ್ಟ. ಮೈಕ್ರೋಮೀಟರ್ ಹಿಡಿದೆ, 12.01. ಇನ್ನೊಂದು, 12.01. ಮತ್ತೊಂದು, 12.01. ಮೂವತ್ತಾರೂ ಅದೇ. ಮೂವತ್ತಾರಕ್ಕೂ ತಿರಸ್ಕಾರದ ಕೆಂಪು ಬಣ್ಣ ಹಚ್ಚಿದೆ. ಅವನು ಅಲ್ಲೇ ನಿಂತು, "ಅಳತೆ ಸರಿಯಾಗೇ ಇತ್ತು ಮೇಡಂ" ಅಂದ. ಧ್ವನಿ ಎತ್ತಲಿಲ್ಲ. ನಾನು ತಲೆಯನ್ನೂ ಎತ್ತಲಿಲ್ಲ.

ಅವತ್ತು ಬೆಳಿಗ್ಗೆ ಮೈಕ್ರೋಮೀಟರ್ ನನ್ನ ಕೈಯಿಂದ ಟೇಬಲ್ ಮೇಲೆ ಬಿದ್ದಿತ್ತು. ಯಾರೂ ನೋಡಿರಲಿಲ್ಲ. ಅವನು ಹಾಗಂದ ಕೂಡಲೇ ನಂಗೆ ಒಳಗೆ ಚುರ್ ಅಂದಿತು. ಆದರೆ ಎಲ್ಲರ ಮುಂದೆ ಅದರ ಬಾಯಿ ಮುಚ್ಚಿ ಸೊನ್ನೆ ನೋಡಿದರೆ, ಹೊಸಬಳಿಗೆ ತನ್ನ ಸಾಧನದ ಮೇಲೇ ನಂಬಿಕೆಯಿಲ್ಲ ಅಂತಾರಲ್ಲ ಅಂತ ಹೆದರಿದೆ. ಹೊತ್ತು ಮುಗಿದು ಎಲ್ಲ ಹೋದ ಮೇಲೆ ಬಾಗಿಲು ಸರಿಸಿ ನೋಡಿದೆ. ಸೊನ್ನೆಗೆ ಬರಬೇಕಾದದ್ದು 0.02ಕ್ಕೆ ನಿಂತಿತ್ತು. ಅವನ ಪಿನ್‌ಗಳು 11.99. ಮೂವತ್ತಾರೂ ಸರಿ. ಸಣ್ಣ ಸ್ಪ್ಯಾನರ್ ತೆಗೆದು ಸ್ಲೀವ್ ತಿರುಗಿಸಿ ಸೊನ್ನೆಗೆ ತಂದೆ, ಪೆಟ್ಟಿಗೆಯಲ್ಲಿ ಇಟ್ಟೆ, ಮನೆಗೆ ಹೋದೆ.

ಮಾರನೇ ದಿನ ಹೇಳಬಹುದಿತ್ತು. ಅದರ ಮಾರನೇ ದಿನವೂ ಹೇಳಬಹುದಿತ್ತು. ಅವನನ್ನು ಲೇತ್‌ನಿಂದ ಎತ್ತಿ ಅಂಚು ಉಜ್ಜೋ ಕೆಲಸಕ್ಕೆ ಹಾಕಿದರು. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಸಿಕ್ಕಿ, ನಗುತ್ತಲೇ, "ನನ್ನ ಕೈ ಲೇತ್‌ಗೆ ಹೇಳಿದ್ದಲ್ಲ ಬಿಡಿ ಮೇಡಂ" ಅಂದ. ಆಗಲೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟ. ಎಲ್ಲಿಗೆ ಹೋದ ಅಂತ ಕೇಳೋಕೂ ಹೋಗಲಿಲ್ಲ, ಕೇಳಿದರೆ ಯಾಕೆ ಅಂತಾರಲ್ಲ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ.

ಮೂವತ್ತಾರಕ್ಕೂ ಒಂದೇ ತಪ್ಪು ಬಂದಾಗಲೇ ನಂಗೆ ಹೊಳೀಬೇಕಿತ್ತು. ಲೇತ್‌ನಲ್ಲಿ ಅಷ್ಟು ಒಂದೇ ಸಮ ತೆಗೆಯೋ ಕೈ ಅವನದು. ಅದನ್ನು ಮೆಚ್ಚಬೇಕಾದವಳು ನಾನು, ಕೆಂಪು ಬಳಿದೆ. ನಿನ್ನ ಓರೆ ಸಾಲು ಓದಿದಾಗ ಆ ನಲ್ಲಿಯ ಹತ್ತಿರದ ನಗು ಬಂದು ಎದುರಿಗೆ ನಿಂತಿತು. ಆದ್ದರಿಂದ ಇಷ್ಟುದ್ದ ಬರೀತಿದೀನಿ. ನೀನೂ ನಿನ್ನ ಕೈಯ ಮೇಲೆ ಕೆಂಪು ಬಳಿದುಕೊಂಡು ಕೂರಬೇಡ.

ಕೈಯನ್ನು ಅನುಮಾನಿಸೋ ಮೊದಲು ಮಾಡಬೇಕಾದದ್ದು ಒಂದಿದೆ, ಅರ್ಧ ಗಂಟೆಯ ಕೆಲಸ. ನಿನ್ನ ಅದೇ ಪ್ಲೈಯಲ್ಲಿ 100 ಮಿಲಿಮೀಟರ್ ಉದ್ದದ ಒಂದು ಆಯತ ಬರಿ, ಅದನ್ನು ಹತ್ತು ಸಮ ಪಟ್ಟಿಯಾಗಿ ಕೊಯ್ಯಿ. ಹತ್ತನ್ನೂ ಪಕ್ಕಪಕ್ಕ ಒತ್ತಿಟ್ಟು ಒಟ್ಟು ಅಳೆ. 98 ಬಂದರೆ ಎರಡು ಮಿಲಿಮೀಟರ್ ಹೊಗೆಯಾಯಿತು, ಹತ್ತರಿಂದ ಭಾಗಿಸು, 0.2. ಒಂದೇ ಕೊಯ್ತವನ್ನು ಅಳೆಯೋಕೆ ಹೋದರೆ ವರ್ನಿಯರಿನ ತಪ್ಪೂ ಅದರೊಳಗೆ ಸೇರಿಕೊಳ್ಳುತ್ತೆ, ಹತ್ತು ಕೂಡಿಸಿದರೆ ಅದು ಹತ್ತು ಪಾಲು ಸಣ್ಣದಾಗುತ್ತೆ. ಪಟ್ಟಿಗಳನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಕೊಯ್ದು ನೋಡು, ಎರಡು ದಿಕ್ಕಿಗೂ ಒಂದೇ ಬರಬೇಕೆಂದೇನಿಲ್ಲ. ಮೇಜಿನ ಮೂಲೆಯಲ್ಲೂ ಒಂದು ಸಲ ನೋಡಿದರೆ ಒಳ್ಳೇದು.

ಆ ಅಂಕಿಯನ್ನು ವೇದವಾಕ್ಯ ಅಂತ ಇಟ್ಟುಕೊಳ್ಳಬೇಡ. ಲೆನ್ಸಿಗೆ ಹೊಗೆ ಹಿಡಿದರೆ ಬದಲಾಗುತ್ತೆ, ನಿಧಾನಕ್ಕೆ ಓಡಿಸಿದರೆ ಬದಲಾಗುತ್ತೆ, ಫೋಕಸ್ ಒಂದಿಷ್ಟು ಮೇಲೆ ಕೆಳಗೆ ಆದರೂ ಬದಲಾಗುತ್ತೆ. ಕಿರಣ ನೆಟ್ಟಗಿನ ಕಡ್ಡಿಯಲ್ಲ, ಡಮರುಗದ ಹಾಗೆ ನಡು ಸಣ್ಣ. ನಿನ್ನ ತುಂಡನ್ನು ತಿರುಗಿಸಿ ಅಳೆದಾಗ ಒಂದು ಮುಖದಲ್ಲಿ 9.80 ಇದ್ದ ಹಲ್ಲು ಇನ್ನೊಂದು ಮುಖದಲ್ಲಿ 9.86 ಇತ್ತು. ಸೇರಿಸುವಾಗ ಒಂದನ್ನು ಮಗುಚಿ ಒಂದನ್ನು ಹಾಗೇ ಇಟ್ಟರೆ ಬಿಗಿ ಬೇರೆಬೇರೆಯಾಗುತ್ತೆ. ಪೆನ್ಸಿಲಿನಲ್ಲಿ ಮೇಲ್ಮುಖಕ್ಕೆ ಗುರುತು ಹಾಕಿಕೋ. ಇಂಥ ಸಣ್ಣ ವಿಷಯ ಹೇಳಿ ಬೇಜಾರು ಮಾಡ್ತಿದೀನೇನೋ.

ಇನ್ನೊಂದು. ಮೂಲೆಯಲ್ಲಿ ಹಲ್ಲು ಉಗುರಿಗೆ ತಾಗೋಷ್ಟು ಹೊರಗೆ ಇಣುಕುತ್ತೆ ಅಂದೆಯಲ್ಲ, ಅದಕ್ಕೂ ಕರ್ಫ್‌ಗೂ ಸಂಬಂಧ ಇಲ್ಲ. ಮೂರು ಮಿಲಿಮೀಟರ್ ಅಂತ ಮಾರಿದ ಪ್ಲೈ ನನ್ನ ಅಳತೆಗೆ 2.84. ನೀನು ಹಲ್ಲಿನ ಉದ್ದ 3 ಇಟ್ಟೆ, ಮಿಕ್ಕಿದ್ದು ಹೊರಗೆ ಉಳಿಯಿತು. ಹಾಳೆಯನ್ನು ನಾಲ್ಕು ಕಡೆ ಅಳೆದು ಆಮೇಲೆ ನಕ್ಷೆ ಬರಿ. ನಡುವೆ ಕಂಡಿ ಕೊಯ್ದು ಅದರೊಳಗೆ ಹಾಳೆ ನಿಲ್ಲಿಸೋದಾದರೆ, ಹಾಳೆಯ ದಪ್ಪವನ್ನು ಕಿರಣ ಮುಟ್ಟಿರಲ್ಲ ಅನ್ನೋದು ನೆನಪಿರಲಿ. ಅಲ್ಲಿ ಸವೆಯೋದು ಕಂಡಿ ಮಾತ್ರ. 2.84 ಹಾಳೆಗೆ ಕಂಡಿಯನ್ನು 2.64 ಅಂತ ಬರೆದರೆ ಸಾಕು, ಮತ್ತೆ ಹಾಳೆಯ ಕಡೆಗೂ ಸೇರಿಸೋಕೆ ಹೋಗಬೇಡ.

ಪ್ಲೈಗೆ ಎಷ್ಟು ಬಿಗಿ ಬೇಕು ಅಂತ ಕೇಳಿದ್ದೀಯ. ಸಂದಿಗಿಂತ ಹಲ್ಲು 0.05ರಿಂದ 0.1 ಹೆಚ್ಚು ಇದ್ದರೆ ಹೆಬ್ಬೆರಳಲ್ಲಿ ಒತ್ತಿದಾಗ ಕಚ್ಚಿಕೊಂಡು ಕೂರಬೇಕು ಅಂತ ನನ್ನ ಅಂದಾಜು. ಅಂದಾಜು ಬೇಡ, ಬಾಚಣಿಗೆ ಥರ ಒಂದು ತುಂಡು ಕೊಯ್ದು ನೋಡು: ಸಂದುಗಳು 0.05, 0.05 ಹೆಚ್ಚುತ್ತಾ ಹೋಗಲಿ, ಪಕ್ಕದಲ್ಲಿ ಅಂಕಿ ಕೆತ್ತು, ಹಾಳೆಯ ಚೂರನ್ನು ಒಂದೊಂದಕ್ಕೂ ತೂರಿಸು. ಕಣ್ಣು ಮುಚ್ಚಿಕೊಂಡು ತೂರಿಸು. ಸರಿಯಾದದ್ದು ಯಾವುದು ಅಂತ ಕೈಗೆ ತಾನಾಗೇ ಗೊತ್ತಾಗುತ್ತೆ. ಆ ಕೈಯನ್ನೇ ನೀನು ಸರಿಯಿಲ್ಲ ಅಂದದ್ದು.

ಸಡಿಲಾದದ್ದಕ್ಕೆ ಗೋಂದು ತುಂಬಿ ಮುಚ್ಚಿಟ್ಟೆ, ಯಾರಿಗೂ ಹೇಳಿಲ್ಲ ಅಂತಲೂ ಬರೆದಿದ್ದೀಯ. ಅದಕ್ಕೆ ಬೈಯೋ ಬಾಯಿ ನಂಗಿಲ್ಲ. ಆದರೆ ಜೊತೆಯಲ್ಲಿ ಕೆಲಸ ಮಾಡೋರಿಗೆ ಹೇಳಿಬಿಡು, "ಕರ್ಫ್ ಬಿಟ್ಟಿದ್ದೆ" ಅಂತ. ಎರಡು ಪದ. ನಂಗೆ ಅವತ್ತು ಬೇಕಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ ಪದ.

ತುಂಡುಗಳನ್ನು ಇದರ ಜೊತೆ ವಾಪಸ್ ಕಳಿಸ್ತಿದೀನಿ, ಪ್ರತಿ ಹಲ್ಲಿನ ಮೇಲೂ ಅದರ ಅಳತೆ ಪೆನ್ಸಿಲಿನಲ್ಲಿ ಬರೆದಿದೆ. ನನ್ನ ಕಣ್ಣು ಮೊದಲಿನ ಹಾಗಿಲ್ಲ, 9.78 ಅಂತ ಬರೆದ ಆ ಐದನೇ ಹಲ್ಲನ್ನು ನೀನೊಂದು ಸಲ ಅಳೆದು ನೋಡು. ನಿನ್ನ ವರ್ನಿಯರ್ ಸೊನ್ನೆಗೆ ಬರುತ್ತಾ ಅಂತ ನೋಡಿಕೊಂಡು. ಹತ್ತು ಪಟ್ಟಿ ಕೊಯ್ದಾಗ ಬಂದ ಅಂಕಿಯನ್ನು ಬರಿ. 0.2 ಬರದಿದ್ದರೂ ಬರಿ.

ಇಂತಿ,
ನಿನ್ನ ಅತ್ತೆ